ಎಂಟು ದಿನದ ಪರದೇಶವಾಸ, ಅರ್ಧ ದಿನದ ಗುಡ್ಡದ ಸವಾರಿ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿನಿ)

'ದೇಶ ಸುತ್ತಬೇಕು, ಕೋಶ ಓದಬೇಕು' ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕೋಶ ಓದುವುದಕ್ಕೆ ಕಾಲೇಜು ಗ್ರಂಥಾಲಯದ ಒಂದು ಕಾರ್ಡು ಸಾಕು. ದೇಶ ಸುತ್ತುವುದಕ್ಕಾದರೋ ಹಣ ಬೇಕು, ಬಿಡುವು ಬೇಕು, ಕರೆಯುವವರು ಬೇಕು. ಈ ಮೂರೂ ಕೂಡಿ ಬರುವುದು ನಮ್ಮಂತಹವರ ಮನೆಗಳಲ್ಲಿ ಅಪೂರ್ವ. ಕೂಡಿ ಬಂದರೂ ಅದು ಎಂಟು ದಿನ, ಹತ್ತು ದಿನವೆಂದು ಅಳೆದು ಕೊಟ್ಟ ಕಾಲವಾಗಿರುತ್ತದೆ. ಅಷ್ಟರಲ್ಲಿ ಬಂಧುಗಳನ್ನು ಕಾಣಬೇಕು, ಊರು ನೋಡಬೇಕು. ಇವುಗಳ ನಡುವೆ ತನಗೆ ಪ್ರಿಯವಾದ ಒಂದು ಹವ್ಯಾಸಕ್ಕೂ ಎಡೆ ಮಾಡಿಕೊಳ್ಳುವುದು ಸಾಧ್ಯವೇ? ಸಾಧ್ಯವಾದರೆ ಹೇಗೆ? ನನ್ನ ಹವ್ಯಾಸವೆಂದರೆ ಗುಡ್ಡದ ಹಾದಿಯಲ್ಲಿ ಸೈಕಲ್ ತುಳಿಯುವುದು. ಕಳೆದ ಡಿಸೆಂಬರಿನಲ್ಲಿ ಎಂಟು ದಿನ ದುಬೈಗೆ ಹೋಗಿದ್ದಾಗ ಈ ಪ್ರಶ್ನೆ ನನಗೆ ಎದುರಾಯಿತು. ಮುಂದೆ ಇಂತಹ ಅವಕಾಶ ಒದಗಬಹುದಾದ ವಿದ್ಯಾರ್ಥಿಮಿತ್ರರಿಗೆ ಉಪಯೋಗವಾದೀತೆಂದು ನಾನು ಕಂಡುಕೊಂಡದ್ದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ನನ್ನ ಸೈಕಲ್ಲಿನ ವಿಷಯ. ನಮ್ಮದು ಸಿದ್ದಾಪುರದಾಚೆ, ಹೊಸಂಗಡಿಯ ಕಡೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲೇರಿದವರಲ್ಲಿ ನಾನೇ ಮೊದಲಿಗಳು. ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ನಮ್ಮ ರಾಜ್ಯ ಸರಕಾರ 2006-07ರಲ್ಲಿ ಆರಂಭಿಸಿತ್ತು. ಆ ಸೈಕಲ್ಲು ನನ್ನ ಪಾಲಿಗೆ ಬಂದದ್ದು 2018ರಲ್ಲಿ. ಶಾಲೆಗೆ ಹೋಗಲೆಂದು ಕೊಟ್ಟ ಆ ಸೈಕಲ್ಲನ್ನು ನಾನು ರಜಾದಿನಗಳಲ್ಲಿ ಬಾಳೆಬರೆ ಘಟ್ಟದ ಕಡೆಗೆ ತಿರುಗಿಸುತ್ತಿದ್ದೆ. ಏರಿನಲ್ಲಿ ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಆದರೂ ತಿರುವಿನಲ್ಲಿ ನಿಂತು ಕೆಳಗಿನ ಕಾಡನ್ನು ನೋಡುವಾಗ ತಳ್ಳಿದ ಶ್ರಮ ಮರೆತುಹೋಗುತ್ತಿತ್ತು. ಎರಡು ವರ್ಷದ ಹಿಂದೆ ಕುಂದಾಪುರದ ಅಂಗಡಿಯೊಂದರಲ್ಲಿ ಹಳೆಯ ಗೇರಿನ ಸೈಕಲ್ಲೊಂದು ಮಾರಾಟಕ್ಕಿತ್ತು. ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ನನ್ನ ತಾಯಿ ಅದಕ್ಕೆ ಅರ್ಧ ಹಣ ಕೊಟ್ಟರು. ಉಳಿದರ್ಧ ನನ್ನ ವಿದ್ಯಾರ್ಥಿವೇತನದ್ದು. 'ಗೇರುಬೀಜದ ದುಡ್ಡಿನ ಗೇರಿನ ಸೈಕಲ್ಲು' ಎಂದು ಗೆಳತಿಯರು ಈಗಲೂ ನಗುತ್ತಾರೆ.

ಈ ಗುಡ್ಡದ ಸೈಕಲ್ಲು ಸಾಮಾನ್ಯ ಸೈಕಲ್ಲಿಗಿಂತ ಹೇಗೆ ಭಿನ್ನ ಎಂಬುದನ್ನು ತಿಳಿಯಬೇಕಾದರೆ ಅದರ ಹುಟ್ಟನ್ನು ನೋಡಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರೀನ್ ಎಂಬ ಪ್ರಾಂತವಿದೆ. ಅಲ್ಲಿನ ಕೆಲವು ಯುವಕರು 1970ರ ದಶಕದಲ್ಲಿ ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಹುಡುಕಿ ತಂದು ಗುಡ್ಡದ ಮಣ್ಣುಹಾದಿಗಳಲ್ಲಿ ಇಳಿಸಿ ವಿನೋದಪಡುತ್ತಿದ್ದರು. 1976ರಲ್ಲಿ ಒಂದು ಹಾದಿಯಲ್ಲಿ ಪಂದ್ಯವನ್ನೇ ಆರಂಭಿಸಿದರು. ಸುಮಾರು ಮೂರು ಕಿಲೋಮೀಟರಿನಲ್ಲಿ ನಾನೂರು ಮೀಟರಿನಷ್ಟು ಇಳಿಯುವ ಹಾದಿ ಅದು. ಆ ಸೈಕಲ್ಲುಗಳಲ್ಲಿ ಇದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಒಂದು ಬಾರಿ ಇಳಿಯುವಷ್ಟರಲ್ಲಿ ಹಿಂಚಕ್ರದ ಗುಂಬದೊಳಗಿನ ಗ್ರೀಸೆಲ್ಲ ಕಾಯ್ದು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತದ ನಂತರ ಗುಂಬವನ್ನು ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಹೀಗೆ ಮತ್ತೆ ಮತ್ತೆ ತುಂಬುವ ಕೆಲಸದಿಂದಲೇ ಆ ಹಾದಿಗೆ 'ರೀಪ್ಯಾಕ್' ಎಂಬ ಹೆಸರು ನಿಂತಿತು. ಆ ಗುಂಪಿನವರಾದ ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ, ಟಾಮ್ ರಿಚಿ ಮೊದಲಾದವರ ಕೈಯಲ್ಲಿ ಗುಡ್ಡಕ್ಕೆಂದೇ ಕಟ್ಟಿದ ಸೈಕಲ್ಲು ರೂಪುಗೊಂಡಿತು. ಇಪ್ಪತ್ತೇ ವರ್ಷಗಳಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ, ಈ ಆಟಕ್ಕೆ ಪದಕದ ಮಾನ್ಯತೆಯೂ ದೊರೆಯಿತು.

ಗೇರಿನ ತತ್ತ್ವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸಾಮಾನ್ಯ ಸೈಕಲ್ಲಿನ ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನದರಲ್ಲಿ 18 ಹಲ್ಲು ಎಂದುಕೊಳ್ಳೋಣ. ಪೆಡಲು ಒಂದು ಸುತ್ತು ತಿರುಗಿದರೆ ಹಿಂಚಕ್ರ ಎರಡೂವರೆ ಸುತ್ತಿನಷ್ಟು ತಿರುಗಿ ಸೈಕಲ್ಲು ಐದು ಮೀಟರಿಗೂ ಮಿಕ್ಕಿ ಮುಂದೆ ಹೋಗುತ್ತದೆ. ಗುಡ್ಡದ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 50 ಹಲ್ಲಿನ ಚಕ್ರಕ್ಕೆ ಸರಪಳಿಯನ್ನು ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಅದು ಒಂದೂವರೆ ಮೀಟರು ಮಾತ್ರ ಸರಿಯುತ್ತದೆ. ದೂರ ಕಡಿಮೆಯಾದಷ್ಟೂ ಕಾಲಿನ ಮೇಲಿನ ಭಾರ ಕಡಿಮೆ. ಒಂದೇ ಬಾರಿಗೆ ಅಕ್ಕಿಮುಡಿ ಹೊರುವ ಬದಲು ಸೇರು ಸೇರಾಗಿ ಸಾಗಿಸಿದಂತೆ. ಇದರ ಜೊತೆಗೆ ದಪ್ಪ ಟಯರು, ಅದರಲ್ಲಿ ಕಡಿಮೆ ಗಾಳಿ. ರಸ್ತೆಯ ಪಂದ್ಯದ ಸೈಕಲ್ಲಿನ ಟಯರಿಗೆ ತುಂಬುವ ಒತ್ತಡದ ಮೂರನೆಯ ಒಂದು ಭಾಗವೂ ಇಲ್ಲಿ ಸಾಕು. ಮೆತ್ತಗಿನ ಟಯರು ಕಲ್ಲನ್ನು ಅಪ್ಪಿ ಹಿಡಿಯುತ್ತದೆ. ಬಿರುಸಾದದ್ದು ಪುಟಿದು ಜಾರುತ್ತದೆ.

ಇನ್ನು ಪ್ರವಾಸಕ್ಕೆ ಬರೋಣ. ದುಬೈಯ ಹೋಟೆಲೊಂದರಲ್ಲಿ ನನ್ನ ಸೋದರಮಾವ ದುಡಿಯುತ್ತಿದ್ದಾರೆ. ಎರಡು ವರ್ಷದಿಂದ ಅವರಿಗೆ ಊರಿಗೆ ಬರುವ ರಜೆ ದೊರೆತಿರಲಿಲ್ಲ. ಅಲ್ಲಿಯೇ ಹುಟ್ಟಿದ ಮಗುವಿನ ವರ್ಷದ ಹುಟ್ಟುಹಬ್ಬಕ್ಕೆ ಅಮ್ಮಮ್ಮನನ್ನು ಕರೆಸಿಕೊಳ್ಳಬೇಕೆಂದು ಅವರ ಆಸೆ. ಕುಂದಾಪುರದ ಮಾತನ್ನು ಬಿಟ್ಟು ಬೇರೆ ಭಾಷೆಯರಿಯದ ಅಮ್ಮಮ್ಮ ಒಬ್ಬರೇ ವಿಮಾನವೇರುವಂತಿರಲಿಲ್ಲ. ಹೀಗಾಗಿ ಜೊತೆಗಾತಿಯಾಗಿ ನಾನು. ಇಬ್ಬರ ಟಿಕೇಟಿನ ಹಣವೂ ಮಾವನದೇ. ಒಂದು ಗುರುವಾರ ಹೊರಟು ಮುಂದಿನ ಗುರುವಾರ ಮನೆ ಸೇರುವ ಏರ್ಪಾಡು.

ದುಬೈ ಎಂದರೆ ಮರಳು, ಗಗನಚುಂಬಿ ಕಟ್ಟಡಗಳು ಎಂದೇ ನಾವೆಲ್ಲ ತಿಳಿದಿದ್ದೇವೆ. ಅಲ್ಲಿ ಗುಡ್ಡವೆಲ್ಲಿಂದ ಬಂತು ಎಂದು ವಾಚಕರು ಕೇಳಬಹುದು. ಓಮಾನ್ ದೇಶದ ಈಶಾನ್ಯ ಭಾಗದಲ್ಲಿ ಹಬ್ಬಿ ಸಂಯುಕ್ತ ಅರಬ್ ಸಂಸ್ಥಾನಗಳೊಳಕ್ಕೂ ಚಾಚಿರುವ ಹಜರ್ ಪರ್ವತಶ್ರೇಣಿಯ ಮಡಿಲಲ್ಲಿ ಹತ್ತಾ ಎಂಬ ಊರಿದೆ. ನಗರದಿಂದ ಸುಮಾರು 130 ಕಿಲೋಮೀಟರು. ಅದು ದುಬೈಗೆ ಸೇರಿದ್ದರೂ ದುಬೈಗೆ ಅಂಟಿಕೊಂಡಿಲ್ಲ. ಸುತ್ತಲೂ ಓಮಾನಿನ ಮತ್ತು ಬೇರೆ ಸಂಸ್ಥಾನಗಳ ನೆಲ. ಹಳೆಯ ನೇರ ರಸ್ತೆ ನಡುವೆ ಓಮಾನಿನ ನೆಲವನ್ನು ಹಾದುಹೋಗುವುದರಿಂದ ನಮ್ಮಂತಹ ಸಂದರ್ಶಕರು ಶಾರ್ಜಾದ ಕಡೆಯಿಂದ ಬಳಸಿ ಹೋಗಬೇಕು. ಹತ್ತಾದ ಬೆಟ್ಟಗಳಲ್ಲಿ ಸೈಕಲ್ಲಿಗೆಂದೇ ಐವತ್ತು ಕಿಲೋಮೀಟರಿನಷ್ಟು ಹಾದಿಗಳನ್ನು ಕಡಿದಿದ್ದಾರೆ. ಪ್ರತಿಯೊಂದಕ್ಕೂ ಬಣ್ಣದ ಗುರುತಿದೆ. ಹಸುರು ಅತಿ ಸುಲಭ, ನೀಲಿ ಸಾಧಾರಣ, ಕೆಂಪು ಕಠಿಣ, ಕಪ್ಪು ಪಳಗಿದವರಿಗೆ ಮಾತ್ರ. ಹಿಮದ ಮೇಲೆ ಜಾರುವ ಆಟದವರಿಂದ ಬಂದ ಪದ್ಧತಿಯಿದು. ಬೇಸಿಗೆಯ ಬಿಸಿಲಿನಲ್ಲಿ ಅಲ್ಲಿ ಸೈಕಲ್ ತುಳಿಯುವುದು ಪ್ರಾಣಕ್ಕೇ ಅಪಾಯ. ನವೆಂಬರಿನಿಂದ ಮಾರ್ಚಿಯವರೆಗಿನ ಚಳಿಗಾಲವೇ ಯೋಗ್ಯ.

ಹೊರಡುವ ಮುನ್ನವೇ ನಾನು ಕಾಗದದ ಮೇಲೆ ಕಾಲದ ಆಯವ್ಯಯವೊಂದನ್ನು ಬರೆದೆ. ಎಂಟು ದಿನವೆಂದರೆ 192 ಗಂಟೆ. ನಿದ್ದೆಗೆ 64 ಹೋಯಿತು. ಊರಿನಿಂದ ಬ್ರಹ್ಮಾವರ, ಉಡುಪಿ ಹಾದು ಬಜಪೆಯ ವಿಮಾನ ನಿಲ್ದಾಣಕ್ಕೆ ಮೂರು ಗಂಟೆಗೂ ಮಿಕ್ಕಿದ ಹಾದಿ, ಅಲ್ಲಿ ಕಾಯುವುದು ಮೂರು ಗಂಟೆ, ಹಾರಾಟ ನಾಲ್ಕು ಗಂಟೆಯಷ್ಟು, ಇಳಿದ ಮೇಲೆ ಒಂದು. ಹೋಗಿ ಬರುವುದಕ್ಕೆ 22 ಗಂಟೆ. ಮನೆವಾರ್ತೆ, ಮಗುವಿನ ಹುಟ್ಟುಹಬ್ಬ, ಬಂಧುಗಳ ಮನೆ ಇವುಗಳಿಗೆ 60. ನಗರ ನೋಡುವುದಕ್ಕೆ 30. ಉಳಿದದ್ದು 16. ಹತ್ತಾಕ್ಕೆ ಹೋಗಿ ಬರಲು ನಾಲ್ಕು, ಸವಾರಿಗೆ ಮೂರು, ಸೈಕಲ್ ಪಡೆದು ಹಿಂದಿರುಗಿಸಲು ಒಂದು, ಒಟ್ಟು ಎಂಟು ಗಂಟೆ. ಲೆಕ್ಕದಲ್ಲಿ ಇನ್ನೂ ಎಂಟು ಗಂಟೆ ಮಿಗುತ್ತದೆ!

ಆದರೆ ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತ 'ಅವಕಾಶ ವೆಚ್ಚ' ಎಂಬ ಮಾತನ್ನು ನಾನು ಆ ಲೆಕ್ಕದಲ್ಲಿ ಮರೆತಿದ್ದೆ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟುಹೋಗುವ ಇನ್ನೊಂದರ ಬೆಲೆಯೇ ಅವಕಾಶ ವೆಚ್ಚ. ಮಾವನಿಗೆ ವಾರಕ್ಕೊಂದೇ ರಜೆ, ಅದೂ ಮಂಗಳವಾರ. ನಮ್ಮ ಎಂಟು ದಿನಗಳಲ್ಲಿ ಬರುವುದು ಒಂದೇ ಮಂಗಳವಾರ. ಉಳಿದ ದಿನಗಳಲ್ಲಿ ಅವರು ಬೆಳಿಗ್ಗೆ ಆರಕ್ಕೆ ಹೋಗಿ ರಾತ್ರಿ ಬರುವವರು. ಹತ್ತಾದ ವಿಷಯ ತೆಗೆದಾಗ ಮಾವ ಸಂತೋಷದಿಂದಲೇ ಒಪ್ಪಿದರು. ಅವರು ಆಚೆ ಹೋದ ಮೇಲೆ ಅಮ್ಮಮ್ಮ ಮೆಲ್ಲನೆ ಕೇಳಿದರು: "ಅವ್ನಿಗೆ ವಾರಕ್ಕೊಂದ್ ರಜೆ ಮಾರಾಯ್ತಿ. ಅದ್ನ ಸೈಕಲ್ಲಿಗೆ ಕೊಟ್ರೆ ನಾನ್ ಯಾರ್ ಮುಖ ಕಾಣ್ಕ್?"

ನಾನು ಉತ್ತರ ಹೇಳಲಿಲ್ಲ. ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಬಿಟ್ಟುಬಿಡುವುದೇ ಸರಿ ಎಂದು ಒಮ್ಮೆ, ಇನ್ನೊಮ್ಮೆ ಇಂತಹ ಅವಕಾಶ ಬಂದೀತೇ ಎಂದು ಇನ್ನೊಮ್ಮೆ. ಹತ್ತಾಕ್ಕೆ ನಗರದಿಂದ ಬಸ್ಸಿದೆ. ಬೇರೊಂದು ದಿನ ಒಬ್ಬಳೇ ಹೋಗಬಹುದಿತ್ತು. ಆದರೆ ನಾನು ಬಂದದ್ದೇ ಅಮ್ಮಮ್ಮನ ಜೊತೆಗಾತಿಯಾಗಿ. ಅವರನ್ನು ಬಿಟ್ಟು ಹೋದರೆ ಆ ಟಿಕೇಟಿಗೆ ಅರ್ಥವೇನು? ಕಡೆಗೆ ಅತ್ತೆಯೇ ದಾರಿ ತೋರಿಸಿದರು. ಎಲ್ಲರೂ ಕೂಡಿ ಹೋಗುವುದು, ನಾನು ಬೆಳಗಿನ ಮೂರೇ ಗಂಟೆ ಸವಾರಿ ಮಾಡುವುದು, ಆ ಹೊತ್ತಿನಲ್ಲಿ ಅಮ್ಮಮ್ಮ ಮತ್ತು ಮಾವ ಅಣೆಕಟ್ಟಿನ ಬಳಿ ಇರುವುದು, ಮಧ್ಯಾಹ್ನ ಒಟ್ಟಿಗೆ ಬುತ್ತಿಯೂಟ. ಕಿರುಪ್ರವಾಸದಲ್ಲಿ ಹವ್ಯಾಸಕ್ಕೆ ಎಡೆ ಮಾಡುವ ಮೊದಲ ಸೂತ್ರ ಇದೇ ಎಂದು ನನಗನಿಸಿತು. ಸವಾರಿಯ ಸ್ಥಳವು ಜೊತೆಯವರಿಗೂ ಒಂದು ದಿನ ಕಳೆಯಲು ಯೋಗ್ಯವಾಗಿರಬೇಕು, ಮತ್ತು ಹಿಂದಿರುಗುವ ಗಂಟೆಯನ್ನು ಮೊದಲೇ ಹೇಳಿ ಅದನ್ನು ಮೀರಬಾರದು.

ಎರಡನೆಯ ಪ್ರಶ್ನೆ, ನಮ್ಮ ಸೈಕಲ್ಲನ್ನೇ ಒಯ್ಯುವುದೋ, ಅಲ್ಲಿ ಬಾಡಿಗೆಗೆ ಪಡೆಯುವುದೋ ಎಂಬುದು. ವಿಮಾನದಲ್ಲಿ ಸೈಕಲ್ಲನ್ನು ಒಯ್ಯಬಹುದು. ಚಕ್ರ, ಪೆಡಲು ಕಳಚಿ, ಹ್ಯಾಂಡಲನ್ನು ತಿರುಗಿಸಿ ಕಟ್ಟಿ, ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಇಡಬೇಕು. ವಿಮಾನಸಂಸ್ಥೆಗೆ ಮೊದಲೇ ತಿಳಿಸಬೇಕು, ತೂಕ ಹೆಚ್ಚಾದರೆ ಹಣ ತೆರಬೇಕು. ಅಲ್ಲಿ ಜೋಡಿಸಲು ಅರ್ಧ ದಿನ, ಬರುವಾಗ ಕಟ್ಟಲು ಇನ್ನರ್ಧ ದಿನ. ತಿಂಗಳ ಪ್ರವಾಸಕ್ಕೆ ಇದು ಸರಿ, ಒಂದು ಬೆಳಗಿನ ಸವಾರಿಗೆ ಸಲ್ಲದು. ಅಲ್ಲದೆ ಆ ತೂಕದಲ್ಲಿ ಅಮ್ಮಮ್ಮನ ಹಪ್ಪಳ, ಹಲಸಿನ ಚಿಪ್ಸು, ಕುಚ್ಚಲಕ್ಕಿ, ಉಪ್ಪಿನಕಾಯಿ ಹೋಗಬೇಕಾಗಿತ್ತು. ಆದುದರಿಂದ ಬಾಡಿಗೆಯೇ ಲೇಸು. ಒಯ್ಯಬೇಕಾದವು ಇಷ್ಟೇ: ಅಡಿ ಗಟ್ಟಿಯಾದ ಶೂ, ಕೈಗವಸು, ಉದ್ದ ತೋಳಿನ ಅಂಗಿ, ನೀರಿನ ಬಾಟಲಿ, ಉಪ್ಪು ಸಕ್ಕರೆ ಕಲಸಿದ ಪೊಟ್ಟಣ. ಶಿರಸ್ತ್ರಾಣ ಬಾಡಿಗೆಯವರಲ್ಲಿಯೇ ದೊರೆಯುತ್ತದೆ. ತಲೆಗೆ ಸರಿಯಾಗಿ ಕೂಡುವುದನ್ನು ಕೇಳಿ ಪಡೆಯಬೇಕು.

ಮೂರನೆಯದು ಅಪಾಯದ ವಿಚಾರ. ಪರದೇಶದಲ್ಲಿ ಕೈ ಮುರಿದರೆ ನೋವು ನಮ್ಮದು, ವೆಚ್ಚ ಆತಿಥ್ಯ ಕೊಟ್ಟವರದು. ಪ್ರವಾಸವಿಮೆ ಇದೆಯಲ್ಲ ಎಂದು ನಾನು ನಿಶ್ಚಿಂತಳಾಗಿದ್ದೆ. ಹಿಂದಿನ ರಾತ್ರಿ ಅದರ ಸಣ್ಣಕ್ಷರಗಳನ್ನು ಓದಿದಾಗ ಸಾಹಸಕ್ರೀಡೆಯ ಗಾಯಕ್ಕೆ ಅದು ಸಲ್ಲುವುದಿಲ್ಲವೆಂದು ತಿಳಿಯಿತು. ಓದದೆ ಸಹಿ ಮಾಡಿದ ತಪ್ಪು ನನ್ನದೇ. ಹೆಚ್ಚಿನ ಹಣ ತೆತ್ತು ಇಂತಹ ಕ್ರೀಡೆಗಳನ್ನೂ ಸೇರಿಸಿಕೊಳ್ಳುವ ವಿಮೆಗಳಿವೆ. ಹೊರಡುವ ಮೊದಲೇ ಕೇಳಿ ಪಡೆಯಬೇಕು. ಆಗ ಕಾಲ ಮಿಂಚಿತ್ತು. ಹಸುರು ಮತ್ತು ನೀಲಿ ಹಾದಿಗಳ ಹೊರತು ಮುಂದಕ್ಕೆ ಹೋಗುವುದಿಲ್ಲವೆಂದು ಆ ರಾತ್ರಿಯೇ ಮಾವನಿಗೆ ಮಾತು ಕೊಟ್ಟೆ.

ಮಂಗಳವಾರ ನಸುಕಿನ ಐದಕ್ಕೆ ಮಾವನ ಸ್ನೇಹಿತರೊಬ್ಬರ ಕಾರಿನಲ್ಲಿ ಹೊರಟೆವು. ಮರಳು ಮುಗಿದು ಬೆಟ್ಟಗಳು ಎದ್ದವು. ಒಂದು ಹುಲ್ಲುಕಡ್ಡಿಯಿಲ್ಲದ ಕಂದುಗಪ್ಪು ಬೆಟ್ಟಗಳು. ಭೂಗರ್ಭ ಶಾಸ್ತ್ರಜ್ಞರು ಹೇಳುವಂತೆ ಆ ಶಿಲೆ ಹಿಂದೆ ಸಮುದ್ರತಳದ ಅಡಿಯಲ್ಲಿತ್ತು; ಹತ್ತು ಕೋಟಿ ವರ್ಷಗಳಷ್ಟು ಹಿಂದೆ ಭೂಫಲಕಗಳ ಒತ್ತಡಕ್ಕೆ ಸಿಕ್ಕಿ ನೆಲದ ಮೇಲೇರಿ ಬಂತು. ನಮ್ಮ ಮುರಕಲ್ಲು ಇದಕ್ಕೆ ತೀರ ಬೇರೆ. ಅದು ಮಳೆಯೂ ಬಿಸಿಲೂ ಕೂಡಿ ಶಿಲೆಯನ್ನು ಕರಗಿಸಿ ಉಳಿಸಿದ ಕಬ್ಬಿಣದಂಶದ ಗಟ್ಟಿಮಣ್ಣು. 1801ರಲ್ಲಿ ಕೆನರಾ ಜಿಲ್ಲೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬವನೇ 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟದ್ದು. ಸವಾರನಿಗೆ ಈ ಭೇದ ಮುಖ್ಯ. ಬೈಂದೂರಿನ ಒತ್ತಿನೆಣೆಯ ಕಡೆಯ ಗುಡ್ಡದಲ್ಲಾಗಲಿ ನಮ್ಮೂರಿನ ಪಾರೆಯ ಮೇಲಾಗಲಿ ಒಣಗಿದ ಮುರಕಲ್ಲು ಒರಟಾಗಿದ್ದು ಟಯರನ್ನು ಹಿಡಿಯುತ್ತದೆ, ಮಳೆ ಬಿದ್ದರೆ ಪಾಚಿಗಟ್ಟಿ ಬೆಣ್ಣೆಯಂತೆ ಜಾರುತ್ತದೆ. ಹತ್ತಾದಲ್ಲಿ ಪಾಚಿಯ ಮಾತಿಲ್ಲ, ಆದರೆ ಹಾದಿಯ ಮೇಲೆ ಸಡಿಲ ಚೂಪುಕಲ್ಲುಗಳು. ಅವು ಚಕ್ರದಡಿ ಉರುಳುತ್ತವೆ, ಟಯರನ್ನು ಸೀಳುತ್ತವೆ.

ಸೈಕಲ್ ಪಡೆದ ಕೂಡಲೆ ಹತ್ತಿ ಹೊರಡಬಾರದು. ಭಾರತದಲ್ಲಿಯೂ ಬ್ರಿಟನ್ನಿನಲ್ಲಿಯೂ ಬಲಗೈಯ ಬ್ರೇಕು ಮುಂಚಕ್ರದ್ದು. ಅಮೆರಿಕದಲ್ಲಿಯೂ ಯುರೋಪಿನ ಬಹುಭಾಗದಲ್ಲಿಯೂ ಎಡಗೈಯದು ಮುಂಚಕ್ರದ್ದು. ನನಗೆ ಕೊಟ್ಟದ್ದು ಎರಡನೆಯ ಬಗೆಯದು. ಇಳಿಜಾರಿನಲ್ಲಿ ಅಭ್ಯಾಸಬಲದಿಂದ ತಪ್ಪು ಕೈ ಒತ್ತಿದರೆ ಮುಂಚಕ್ರ ಗಕ್ಕನೆ ನಿಂತು ಸವಾರ ಹ್ಯಾಂಡಲಿನ ಮೇಲಿನಿಂದ ಹಾರಿ ಬೀಳುತ್ತಾನೆ. ಬಯಲಿನಲ್ಲಿ ಹತ್ತು ಸುತ್ತು ಹಾಕಿ ಕೈಗೆ ಹೊಸ ಪಾಠ ಕಲಿಸಿದೆ. ಇಳಿಯುವಾಗ ಆಸನದಿಂದೆದ್ದು ಪೆಡಲುಗಳನ್ನು ಸಮವಾಗಿಟ್ಟು ನಿಲ್ಲಬೇಕು. ಮೊಣಕಾಲು, ಮೊಣಕೈ ಬಾಗಿರಬೇಕು. ಬ್ರೇಕನ್ನು ಒಂದೆರಡು ಬೆರಳಿನಿಂದ ಮೆಲ್ಲಮೆಲ್ಲನೆ ಒತ್ತಬೇಕು. ದೃಷ್ಟಿ ಚಕ್ರದ ಬುಡದಲ್ಲಲ್ಲ, ಮುಂದಿನ ಹಾದಿಯಲ್ಲಿರಬೇಕು. ಕಲ್ಲನ್ನೇ ನೋಡುತ್ತಿದ್ದರೆ ಚಕ್ರವೂ ಕಲ್ಲಿನ ಮೇಲೆಯೇ ಹೋಗುತ್ತದೆ.

ಹಸುರು ಹಾದಿಯಲ್ಲಿ ಒಂದು ಸುತ್ತು, ನೀಲಿಯಲ್ಲಿ ಎರಡು ಸುತ್ತು ತುಳಿದೆ. ಬಾಳೆಬರೆಯಲ್ಲಿ ತಳ್ಳುತ್ತಿದ್ದಂತಹ ಏರುಗಳನ್ನು ಕುಳಿತೇ ಏರಿದಾಗ ಆದ ಸಂತೋಷವನ್ನು ಹೇಳಲಾರೆ. ಒಂದು ತಿರುವಿನಲ್ಲಿ ಸಡಿಲ ಕಲ್ಲು ಜಾರಿ ಬಿದ್ದು ಮೊಣಕೈ ತರಚಿತು. ಉದ್ದ ತೋಳಿನ ಅಂಗಿ ಅದನ್ನು ಮರೆಮಾಡಿತು. ಮುಂದೆ ಕೆಂಪು ಗುರುತಿನ ಕವಲು ಬಂತು. ಅಲ್ಲಿಂದ ಹಾದಿ ಬೆಟ್ಟದ ನೆತ್ತಿಯ ಕಡೆಗೆ ಏರುತ್ತಿತ್ತು. ಗಡಿಯಾರ ನೋಡಿದೆ; ಇನ್ನೂ ಐವತ್ತು ನಿಮಿಷವಿತ್ತು. ಕಾಲಿನಲ್ಲಿ ಬಲವೂ ಇತ್ತು. ಆದರೆ ಬಿದ್ದರೆ ಆಸ್ಪತ್ರೆಗೆ ತೆರಬೇಕಾದದ್ದು ಮಾವನ ತಿಂಗಳುಗಳ ಉಳಿತಾಯ. ಐದು ನಿಮಿಷ ಅಲ್ಲಿಯೇ ನಿಂತು ನೀರು ಕುಡಿದು ಹಿಂದಿರುಗಿದೆ. ಈಗಲೂ ಆ ಕವಲು ಕಣ್ಣ ಮುಂದೆ ಬರುತ್ತದೆ. ಹಿಂದಿರುಗಿದ್ದಕ್ಕೆ ಪಶ್ಚಾತ್ತಾಪವಿಲ್ಲ, ಆಸೆ ಇಲ್ಲವೆಂದರೆ ಸುಳ್ಳಾದೀತು.

ಹೇಳಿದ ಹೊತ್ತಿಗಿಂತ ಮೊದಲೇ ನಾನು ಅಣೆಕಟ್ಟಿನ ಬಳಿ ಹೋದೆ. ಅಲ್ಲಿ 250 ಮೆಗಾವಾಟಿನ ಒಂದು ವಿದ್ಯುತ್ ಯೋಜನೆಯನ್ನು ರೂಪಿಸಿದ್ದಾರೆ. ವಿದ್ಯುತ್ತಿಗೆ ಬೇಡಿಕೆ ಕಡಿಮೆಯಿದ್ದಾಗ ಸೂರ್ಯಶಕ್ತಿಯಿಂದ ನೀರನ್ನು ಮೇಲಿನ ಕೆರೆಗೆತ್ತಿ, ಬೇಕಾದಾಗ ಕೆಳಕ್ಕೆ ಬಿಟ್ಟು ವಿದ್ಯುತ್ ಪಡೆಯುವ ಬಗೆ. ನಮ್ಮ ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರದ ಸಾಮರ್ಥ್ಯ 460 ಮೆಗಾವಾಟ್. ಅಲ್ಲಿ ವರ್ಷಕ್ಕೆ ನೂರು ಮಿಲಿಮೀಟರಿನ ಆಸುಪಾಸು ಮಳೆ. ನಮ್ಮಲ್ಲಿ ಅದು ಸಾವಿರಗಳ ಲೆಕ್ಕ. ನೀರನ್ನು ಮೇಲಕ್ಕೆತ್ತುವ ಕೆಲಸವನ್ನು ನಮ್ಮಲ್ಲಿ ಮೋಡಗಳೇ ಮಾಡುತ್ತವೆ. ಇದನ್ನು ಅಮ್ಮಮ್ಮನಿಗೆ ವಿವರಿಸಬೇಕೆಂದು ಉತ್ಸಾಹದಿಂದ ಹೋದವಳು ದೂರದಲ್ಲಿಯೇ ನಿಂತೆ. ಕಲ್ಲುಗೋಡೆಯ ನೆರಳಿನಲ್ಲಿ ಚಾಪೆ ಹಾಸಿ ಮಾವ ನಿದ್ದೆಹೋಗಿದ್ದರು. ಆರು ದಿನದ ದುಡಿಮೆಯ ದಣಿವು, ನಸುಕಿನಲ್ಲೆದ್ದು ಕಾರು ನಡೆಸಿದ ದಣಿವು. ಅಮ್ಮಮ್ಮ ಪಕ್ಕದಲ್ಲಿ ಕುಳಿತು ಸೀರೆಯ ಸೆರಗಿನಿಂದ ಗಾಳಿ ಬೀಸುತ್ತಿದ್ದರು. ತುಟಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿದರು. ಅತ್ತೆ ಮಗುವನ್ನು ಎತ್ತಿಕೊಂಡು ಆಚೆ ತಿರುಗಾಡುತ್ತಿದ್ದರು.

ನನಗೆ ನಾಚಿಕೆಯಾಯಿತು. ಅಮ್ಮಮ್ಮನಿಗೆ ಮಗನೊಡನೆ ಮಾತಾಡಲು ಮೂರು ಗಂಟೆ ಕೊಟ್ಟೆನೆಂದು ನಾನು ಲೆಕ್ಕ ಹಾಕಿದ್ದೆ. ಮಾತು ನಡೆದೇ ಇರಲಿಲ್ಲ. ಮನೆಯಲ್ಲಿದ್ದಿದ್ದರೆ ಮಾವ ಸುಖವಾಗಿ ಮಲಗಿಯಾದರೂ ಇರುತ್ತಿದ್ದರು ಎಂದು ಆಗ ಅನಿಸಿತು. ಊಟಕ್ಕೆ ಕುಳಿತಾಗ ಮಾವ ಎದ್ದು ನಗುನಗುತ್ತ ಸೈಕಲ್ಲಿನ ವಿಚಾರ ಕೇಳಿದರು. ನಾನು ಮೊಣಕೈ ಮುಚ್ಚಿಕೊಂಡು ಹೇಳಿದೆ.

ಇಲ್ಲಿ ಒಂದು ಸಂಗತಿ ನೆನಪಾಗುತ್ತದೆ. 1923ರಲ್ಲಿ ಮುಂಬಯಿಯಿಂದ ಕೆಲವು ಪಾರ್ಸಿ ತರುಣರು ಸೈಕಲ್ಲಿನಲ್ಲಿ ಲೋಕಸಂಚಾರಕ್ಕೆ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗರಾ ಎಂಬ ಮೂವರು 1928ರಲ್ಲಿ ಪ್ರಪಂಚವನ್ನು ಸುತ್ತಿ ಮರಳಿದರು. ಅವರಿಗೆ ದೊರೆತದ್ದು ನಾಲ್ಕು ವರ್ಷಕ್ಕೂ ಮಿಕ್ಕ ಕಾಲ. ನಮಗೆ ದೊರೆಯುವುದು ಎಂಟು ದಿನ, ಅದರಲ್ಲಿ ಮೂರು ಗಂಟೆ. ಆ ಮೂರು ಗಂಟೆಯೂ ಯಾರದೋ ಪಾಲಿನಿಂದ ಬಂದದ್ದು. ಆದುದರಿಂದ ಯೋಜನೆ ಬೇಕು: ಋತುವನ್ನು ನೋಡಿ ಹೋಗುವುದು, ಬಾಡಿಗೆ ಸೈಕಲ್ ಪಡೆಯುವುದು, ವಿಮೆಯನ್ನು ಓದುವುದು, ಬಣ್ಣದ ಗುರುತಿನ ಮಿತಿಯನ್ನು ಮೊದಲೇ ಗೊತ್ತುಪಡಿಸುವುದು, ಪ್ರವಾಸದ ಕಡೆಯ ದಿನಕ್ಕೆ ಸವಾರಿಯನ್ನು ಇಟ್ಟುಕೊಳ್ಳದಿರುವುದು. ಇದೆಲ್ಲಕ್ಕಿಂತ ಮೊದಲು, ನಾವು ಬಳಸುವ ದಿನ ಯಾರದೆಂದು ಕೇಳಿಕೊಳ್ಳುವುದು.

ಊರಿಗೆ ಬಂದ ಮೇಲೆ ನೆರೆಮನೆಯವರು ಅಮ್ಮಮ್ಮನನ್ನು ದುಬೈಯಲ್ಲಿ ಎಂತ ಕಂಡಿರೆಂದು ಕೇಳಿದರು. ಎತ್ತರದ ಕಟ್ಟಡಗಳ ಮಾತು ಬಂದೀತೆಂದು ನಾನು ಕಾದಿದ್ದೆ. ಅಮ್ಮಮ್ಮ ಎಲೆಯಡಿಕೆ ಮೆಲ್ಲುತ್ತ ಹೇಳಿದರು: "ಕಲ್ಲ್ ಗುಡ್ಡಿ ಕಂಡೆ, ನಮ್ ವಾರಾಹಿ ಕಣೆಗೆ ಒಂದ್ ಡ್ಯಾಮ್ ಕಂಡೆ. ಮಗ ನೆರಳಂಗ್ ಮನಿಕಂಡದ್ದ್ ಕಂಡೆ. ಅವ್ನ್ ಹಾಂಗ್ ಮನಿಕಂಡದ್ದ್ ಕಾಣ್ದೆ ಎಷ್ಟ್ ವರ್ಷ ಆಯ್ತ್."

ಮುಂದಿನ ರಜೆಯಲ್ಲಿ ಮಾವ ಊರಿಗೆ ಬರುವವರಿದ್ದಾರೆ. ಬಾಳೆಬರೆಯ ಮೊದಲ ತಿರುವಿನವರೆಗೆ ತಾವೂ ಸೈಕಲ್ ತುಳಿಯುತ್ತೇವೆಂದು ಹೇಳಿದ್ದಾರೆ. ನನ್ನ ಗೇರಿನ ಸೈಕಲ್ಲಿಗೆ ಗ್ರೀಸು ಹಾಕಿಸಿ ಇಟ್ಟಿದ್ದೇನೆ. ದಿನವನ್ನು ಮಾತ್ರ ಅವರೇ ಗೊತ್ತು ಮಾಡಲಿ.